ತೊಟ್ಟಿಲು ಮತ್ತು ಪಾಟಿಯ ನಡುವೆ

ಕಲಘಟಗಿಯ ತೊಟ್ಟಿಲಿನ ಬಗ್ಗೆ ಕೇಳದವರು ಉತ್ತರ ಕರ್ನಾಟಕದಲ್ಲಿ ವಿರಳ. ಅರಗಿನ ಬಣ್ಣದಿಂದ ಹೊಳೆಯುವ, ತಲೆಮಾರುಗಳ ಕಾಲ ಬಾಳುವ ಆ ತೊಟ್ಟಿಲಿಗಾಗಿ ದೂರದ ಊರುಗಳಿಂದಲೂ ಜನರು ಬರುತ್ತಾರೆ. ಮಗು ಹುಟ್ಟುವ ಮೊದಲೇ ಹೇಳಿಟ್ಟು ಕಾಯುತ್ತಾರೆ. 2018ರಲ್ಲಿ ಚಿತ್ರನಟರೊಬ್ಬರ ಮಗುವಿಗಾಗಿ ಅಲ್ಲಿ ತೊಟ್ಟಿಲು ತಯಾರಾದಾಗ ಪತ್ರಿಕೆಗಳು ಅದನ್ನು ಸಂಭ್ರಮದಿಂದ ಬರೆದಿದ್ದುವು. ಹುಟ್ಟಲಿರುವ ಮಗುವಿಗಾಗಿ ಒಂದು ಸಮಾಜವು ಇಷ್ಟೊಂದು ಮುಂದಾಲೋಚನೆ ಮಾಡುತ್ತದೆಂಬುದು ನಿಜಕ್ಕೂ ಮೆಚ್ಚತಕ್ಕ ಸಂಗತಿ. ಆದರೆ ತೊಟ್ಟಿಲಿನಿಂದ ಇಳಿದ ಮಗು ಶಾಲೆಯ ಬಾಗಿಲಿಗೆ ತಲುಪುವುದರೊಳಗೆ ಮೂರು ವರ್ಷಗಳಾದರೂ ಇರುತ್ತವೆ. ಆ ಮೂರು ವರ್ಷಗಳಿಗಾಗಿ ನಮ್ಮ ಮನೆಗಳಲ್ಲಿ ಏನು ಸಿದ್ಧತೆಯಿದೆ? ತೊಟ್ಟಿಲು ಅಟ್ಟ ಸೇರುತ್ತದೆ. ಮಗುವಿನ ಕೈಗೆ ಮೊಬೈಲು ಬರುತ್ತದೆ. ಮತ್ತೆ ಒಂದು ದಿನ ಇದ್ದಕ್ಕಿದ್ದಂತೆ ಎಲ್‌ಕೆಜಿಯ ಅರ್ಜಿ ಬರುತ್ತದೆ.

ಅದೇ ಕಲಘಟಗಿ ತಾಲೂಕಿನ ದುಮ್ಮವಾಡದಂತಹ ಊರನ್ನು ತೆಗೆದುಕೊಳ್ಳಿ. ಅದರ ಬಳಿಯಿರುವ ನೀರಸಾಗರವು ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಜಲಾಶಯ. ಈಗ ಇಂತಹ ಊರುಗಳು ಮಕ್ಕಳನ್ನೂ ಪೇಟೆಗೆ ಕಳುಹಿಸತೊಡಗಿವೆ. ಜೂನ್ ತಿಂಗಳು ಬಂತೆಂದರೆ ಬಿತ್ತನೆಯ ಗಡಿಬಿಡಿಯ ನಡುವೆಯೇ ಹಳದಿ ವ್ಯಾನುಗಳ ಓಡಾಟವೂ ಆರಂಭವಾಗುತ್ತದೆ. ಅದರಲ್ಲಿ ಮೂರೂವರೆ ವರ್ಷದ, ನಾಲ್ಕು ವರ್ಷದ ಮಕ್ಕಳಿರುತ್ತಾರೆ. ಅರ್ಧ ನಿದ್ದೆಯಲ್ಲಿ, ತಮ್ಮ ಬೆನ್ನಿಗಿಂತ ದೊಡ್ಡದಾದ ಚೀಲದೊಂದಿಗೆ. ಆ ವ್ಯಾನಿನ ಬಾಡಿಗೆಯನ್ನೂ ಶಾಲೆಯ ಶುಲ್ಕವನ್ನೂ ಹೊಂದಿಸುವವರು ಗೌಂಡಿ ಕೆಲಸದವರು, ಗ್ಯಾರೇಜಿನವರು, ಹಣ್ಣಿನ ಗಾಡಿಯವರು, ರಾತ್ರಿಯೆಲ್ಲ ಹೊಲಿಗೆ ಯಂತ್ರ ತುಳಿಯುವ ತಾಯಂದಿರು. ತಾವು ಕಲಿಯಲಾಗದ್ದನ್ನು ತಮ್ಮ ಮಕ್ಕಳು ಕಲಿಯಲಿ ಎಂಬ ಅವರ ಹಂಬಲವನ್ನು ಲಘುವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಮುಸ್ಲಿಮರು ಶಿಕ್ಷಣವನ್ನು ಬಯಸುವುದಿಲ್ಲ ಎಂಬ ಹಳೆಯ ಆರೋಪಕ್ಕೆ ಈ ವ್ಯಾನುಗಳೇ ಸಾಕಷ್ಟು ಉತ್ತರ. ನಮ್ಮ ಪ್ರಶ್ನೆ ಬೇರೆ. ಇಷ್ಟು ಕಷ್ಟಪಟ್ಟು ನಾವು ಕೊಳ್ಳುತ್ತಿರುವುದೇನನ್ನು?

ತಾಯಿಯೊಬ್ಬರು ಇತ್ತೀಚೆಗೆ ನಮ್ಮೊಂದಿಗೆ ಹೇಳಿಕೊಂಡ ಮಾತಿದು. ಅವರ ಮಗನಿಗೆ ಎಲ್‌ಕೆಜಿಗೆ ಸೇರುವ ಮೊದಲೇ ಎ ಯಿಂದ ಜೆಡ್‌ವರೆಗೆ ಬಾಯಿಪಾಠ ಬರುತ್ತಿತ್ತು. ಐವತ್ತರವರೆಗೆ ಎಣಿಸುತ್ತಿದ್ದ. ನೆಂಟರು ಬಂದಾಗಲೆಲ್ಲ ಅವನನ್ನು ನಿಲ್ಲಿಸಿ ಹೇಳಿಸುತ್ತಿದ್ದರು. ಆದರೆ ಶಾಲೆಗೆ ಸೇರಿ ತಿಂಗಳು ಕಳೆಯುವುದರೊಳಗೆ ದೂರುಗಳು ಬಂದುವು. ಹುಡುಗ ಡಬ್ಬಿಯ ಮುಚ್ಚಳ ತೆಗೆಯಲಾರ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ. ಮೂತ್ರಕ್ಕೆ ಹೋಗಬೇಕೆಂದು ಹೇಳಲಾರದೆ ಅಳುತ್ತಾನೆ. ‘ಐದು ಮಣಿ ಕೊಡು’ ಎಂದರೆ ಕೈಗೆ ಬಂದಷ್ಟನ್ನು ಸುರಿಯುತ್ತಾನೆ. ಐವತ್ತರವರೆಗೆ ಹೇಳಬಲ್ಲ ಮಗುವಿಗೆ ಐದೆಂದರೆ ಎಷ್ಟೆಂದು ತಿಳಿದಿರಲಿಲ್ಲ! ಶಾಲೆಯವರು ಅವನನ್ನು ‘ವೀಕ್’ ಎಂದು ಬರೆದರು. ಮನೆಯವರು ಟ್ಯೂಷನ್‌ಗೆ ಹಾಕಿದರು. ನಾಲ್ಕು ವರ್ಷದ ಮಗುವಿಗೆ ಟ್ಯೂಷನ್!

ತಪ್ಪು ಆ ತಾಯಿಯದ್ದಲ್ಲ. ಶಾಲೆಗೆ ಸಿದ್ಧತೆಯೆಂದರೆ ಅಕ್ಷರಗಳ ಸಿದ್ಧತೆ ಎಂದು ನಾವೆಲ್ಲರೂ ನಂಬಿಬಿಟ್ಟಿದ್ದೇವೆ. ನಿಜವಾಗಿ, ಮೂರರಿಂದ ಐದು ವರ್ಷದವರೆಗಿನ ಮಗುವಿನ ಬುದ್ಧಿಯು ಬೆರಳುಗಳ ಮೂಲಕ ಬೆಳೆಯುತ್ತದೆ. ಮುಟ್ಟಿ, ಸುರಿದು, ಜೋಡಿಸಿ, ಬೀಳಿಸಿ, ಮತ್ತೆ ಜೋಡಿಸಿ ಅದು ಕಲಿಯುತ್ತದೆ. ‘ಅಸರ್’ ಸಂಸ್ಥೆಯು 2019ರಲ್ಲಿ ದೇಶದ 26 ಜಿಲ್ಲೆಗಳಲ್ಲಿ ನಾಲ್ಕರಿಂದ ಎಂಟು ವರ್ಷದ ಮಕ್ಕಳ ಬಗ್ಗೆ ಒಂದು ಸಮೀಕ್ಷೆ ನಡೆಸಿತ್ತು. ವಸ್ತುಗಳನ್ನು ವಿಂಗಡಿಸುವುದು, ಒಂದು ಕ್ರಮದಲ್ಲಿ ಜೋಡಿಸುವುದು, ಚಿತ್ರದ ತುಂಡುಗಳನ್ನು ಕೂಡಿಸುವುದು ಮುಂತಾದ ಕೆಲಸಗಳಲ್ಲಿ ಮುಂದಿರುವ ಮಕ್ಕಳೇ ಓದು ಮತ್ತು ಲೆಕ್ಕದಲ್ಲೂ ಮುಂದಿರುತ್ತಾರೆ ಎಂಬುದು ಅದರ ಮುಖ್ಯ ಶೋಧವಾಗಿತ್ತು. ಅಂದರೆ ಓದಿನ ಬೇರು ಓದಿನಲ್ಲಿಲ್ಲ, ಆಟದಲ್ಲಿದೆ. ಬೇರಿಗೆ ನೀರೆರೆಯದೆ ಎಲೆಗೆ ಬಣ್ಣ ಬಳಿಯುವ ಕೆಲಸವನ್ನು ನಾವು ಶುಲ್ಕ ಕೊಟ್ಟು ಮಾಡಿಸುತ್ತಿದ್ದೇವೆ.

ಅಷ್ಟಕ್ಕೂ, ಈ ಕಲಿಕೆಗೆ ಬೇಕಾದ ಸಾಮಗ್ರಿಗಳು ಎಲ್ಲಿವೆ? ನಮ್ಮ ಅಡುಗೆಮನೆಯಲ್ಲಿವೆ. ಜೋಳದ ರೊಟ್ಟಿಗಾಗಿ ತಾಯಿ ಹಿಟ್ಟು ನಾದುವಾಗ ಪಕ್ಕದಲ್ಲಿ ಕುಳಿತ ಮಗು ಒಂದು ಉಂಡೆ ಕೇಳುತ್ತದೆ. ನಾವು ಗದರಿ ಎಬ್ಬಿಸುತ್ತೇವೆ. ಕೊಟ್ಟು ನೋಡಿ. ಅದು ಹಿಸುಕುತ್ತದೆ, ತಟ್ಟುತ್ತದೆ, ಉರುಟು ಮಾಡುತ್ತದೆ. ಮುಂದೆ ಬಳಪವನ್ನೋ ಪೆನ್ಸಿಲನ್ನೋ ಸರಿಯಾಗಿ ಹಿಡಿಯುವ ಕಸುವು ಆ ಬೆರಳುಗಳಿಗೆ ಬರುವುದು ಹೀಗೆಯೇ. ಹುಣಸೆ ಬೀಜ, ಅವರೆ ಕಾಳು, ಗೋವಿನಜೋಳದ ಕಾಳುಗಳನ್ನು ಕಲೆಸಿ ತಟ್ಟೆಯಲ್ಲಿಟ್ಟು ಬೇರೆ ಮಾಡಲು ಹೇಳಿದರೆ ಅರ್ಧ ಗಂಟೆ ಸದ್ದಿಲ್ಲದೆ ಕುಳಿತುಕೊಳ್ಳುವ ಮಗುವನ್ನು ನಾವೇ ಕಂಡಿದ್ದೇವೆ. (ಕಾಳನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳದಂತೆ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು ಎಂಬುದನ್ನು ಮರೆಯಬಾರದು.) ಒಂದು ಲೋಟದಿಂದ ಇನ್ನೊಂದಕ್ಕೆ ಚೆಲ್ಲದಂತೆ ನೀರು ಸುರಿಯುವುದು, ಬೆಳ್ಳುಳ್ಳಿಯ ಎಸಳು ಬಿಡಿಸುವುದು, ಬಟಾಣಿ ಸುಲಿಯುವುದು ಎಲ್ಲವೂ ಪಾಠವೇ. ದರ್ಜಿಯ ಮನೆಯಲ್ಲಂತೂ ಭಂಡಾರವೇ ಇದೆ. ಬಣ್ಣಬಣ್ಣದ ಬಟ್ಟೆಯ ಚೂರುಗಳು, ಖಾಲಿ ದಾರದ ಉರುಳೆಗಳು, ದೊಡ್ಡ-ಸಣ್ಣ ಗುಂಡಿಗಳು. ಪೇಟೆಯ ದುಬಾರಿ ಶಾಲೆಗಳಲ್ಲಿ ಗಾಜಿನ ಕಪಾಟಿನಲ್ಲಿ ಇಟ್ಟಿರುವ ಸಾಮಾನುಗಳ ಕೆಲಸವನ್ನೇ ಇವು ಮಾಡುತ್ತವೆ.

ದಸ್ತರ್‌ಖಾನ್ ಹಾಸುವಾಗ ‘ಮನೆಯಲ್ಲಿ ಎಷ್ಟು ಮಂದಿ ಇದ್ದೇವೆಯೋ ಅಷ್ಟು ತಟ್ಟೆ ತಾ’ ಎಂದು ಮಗುವಿಗೆ ಹೇಳುವ ಒಂದು ಮಾತಿನಲ್ಲಿ ಲೆಕ್ಕದ ಮೊದಲ ಪಾಠವಿದೆ. ಅಬ್ಬಾನಿಗೊಂದು, ದಾದಿಗೊಂದು, ನನಗೊಂದು ಎಂದು ಎಣಿಸಿ ಇಡುವ ಮಗುವಿಗೆ ಐದೆಂದರೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ಹೊಸ್ತಿಲ ಬಳಿ ಬಿದ್ದಿರುವ ಚಪ್ಪಲಿಗಳನ್ನು ಜೋಡಿ ಮಾಡಿಡುವುದು, ತಂದೆಯೊಂದಿಗೆ ಕುಳಿತು ವುಝೂ ಮಾಡುವಾಗ ಕೈಯನ್ನು ಒಂದು, ಎರಡು, ಮೂರು ಎಂದು ತೊಳೆಯುವುದು, ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವುದು ಕೂಡ ಇದೇ ಸಾಲಿನವು. ತಾಯಂದಿರು ಇದನ್ನು ಓದಿ ‘ಇಷ್ಟೇನಾ?’ ಎಂದು ಕೇಳಬಹುದು. ಹೌದು, ಇಷ್ಟೇ. ಆದರೆ ಇದಕ್ಕೆ ಹಣದ ಬದಲು ತಾಳ್ಮೆ ಬೇಕು. ಮಗು ಮಾಡಿದರೆ ಹತ್ತು ನಿಮಿಷ ಹಿಡಿಯುತ್ತದೆ, ನಾವೇ ಮಾಡಿದರೆ ಒಂದು ನಿಮಿಷ ಎಂಬ ಲೆಕ್ಕಾಚಾರದಲ್ಲಿ ನಾವು ಮಗುವಿನ ಕೈಯಿಂದ ಎಲ್ಲವನ್ನೂ ಕಸಿದುಕೊಂಡು, ಅದರ ಬದಲಿಗೆ ಮೊಬೈಲನ್ನು ಇಟ್ಟಿದ್ದೇವೆ. ಅದು ಮಗುವನ್ನು ಸುಮ್ಮನಿರಿಸುತ್ತದೆ ನಿಜ. ಮಗು ಸುಮ್ಮನಿರುವುದು ಕಲಿಕೆಯ ಲಕ್ಷಣವೆಂದು ಯಾರು ಹೇಳಿದರು?

ಈ ವಿಧಾನವನ್ನು ಶ್ರೀಮಂತರ ಶೋಕಿಯೆಂದು ಭಾವಿಸುವವರಿದ್ದಾರೆ. ‘ಮಾಂಟೆಸ್ಸರಿ’ ಎಂಬ ಫಲಕ ಹಾಕಿದೊಡನೆ ಶುಲ್ಕ ಇಮ್ಮಡಿಯಾಗುವುದನ್ನು ಕಂಡವರಿಗೆ ಹಾಗೆ ಅನಿಸುವುದು ಸಹಜ. ವಿಪರ್ಯಾಸವೆಂದರೆ, ವೈದ್ಯೆಯಾಗಿದ್ದ ಮರಿಯಾ ಮಾಂಟೆಸ್ಸರಿಯವರು 1907ರ ಜನವರಿ 6ರಂದು ತಮ್ಮ ಮೊದಲ ಶಿಶುಮಂದಿರವನ್ನು ತೆರೆದದ್ದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ, ದಿನವಿಡೀ ದುಡಿಯಲು ಹೋಗುವ ಕೂಲಿಕಾರರ ಮಕ್ಕಳಿಗಾಗಿ. 1939ರಲ್ಲಿ ಅವರು ಮದ್ರಾಸಿನ ಅಡ್ಯಾರ್‌ಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅದಕ್ಕೂ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾರವರು ಬಾಲಮಂದಿರ ಆರಂಭಿಸಿದ್ದರು. ಅವರೊಂದಿಗೆ ದುಡಿದ ತಾರಾಬಾಯಿ ಮೋಡಕ್‌ರವರು ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡಗಳಲ್ಲಿ ಈ ಶಿಕ್ಷಣವನ್ನು ಆದಿವಾಸಿಗಳ ಅಂಗಳಕ್ಕೇ ಕೊಂಡೊಯ್ದರು. ಬೆಂಡು, ಬೀಜ, ಕಲ್ಲು, ಎಲೆಗಳೇ ಅಲ್ಲಿ ಪಾಠೋಪಕರಣಗಳಾದುವು. ದಿಲ್ಲಿಯ ಜಾಮಿಯಾ ಮಿಲ್ಲಿಯಾದ ಇತಿಹಾಸದಲ್ಲೂ ಇಂತಹ ಒಂದು ಅಧ್ಯಾಯವಿದೆ. ಡಾ. ಝಾಕಿರ್ ಹುಸೇನ್‌ರ ಗೆಳೆತನದಿಂದಾಗಿ ಜರ್ಮನಿಯ ಯಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬಾರ್ನ್ 1930ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದರು. ಪುಟ್ಟ ಮಕ್ಕಳಿಗಾಗಿ ದುಡಿದರು. ‘ಆಪಾ ಜಾನ್’ ಎನಿಸಿಕೊಂಡರು. 1943ರಲ್ಲಿ ನಿಧನರಾದರು. ಜಾಮಿಯಾದ ಶಿಶುವಿಹಾರಕ್ಕೆ ಇಂದಿಗೂ ಅವರ ಹೆಸರಿದೆ. ನಮ್ಮ ಜಿಲ್ಲೆಯ ಧಾರವಾಡದಲ್ಲೇ ‘ಬಾಲ ಬಳಗ’ ಎಂಬ ಕನ್ನಡ ಮಾಧ್ಯಮದ ಶಾಲೆಯು ಮಾಡಿ ಕಲಿಯುವ ಈ ದಾರಿಯಲ್ಲಿ ಬಹುಕಾಲದಿಂದ ನಡೆಯುತ್ತಿದೆ.

ಇನ್ನು ನಮ್ಮದೇ ಒಂದು ಪದ್ಧತಿಯ ಬಗ್ಗೆ. ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ‘ಬಿಸ್ಮಿಲ್ಲಾ’ ಮಾಡಿಸುವ ರೂಢಿ ಅನೇಕ ಕುಟುಂಬಗಳಲ್ಲಿದೆ. ಇದು ಧರ್ಮವು ಕಡ್ಡಾಯಗೊಳಿಸಿದ ವಿಧಿಯೇನಲ್ಲ, ಭಾರತದ ಮುಸ್ಲಿಮರಲ್ಲಿ ಬೆಳೆದುಬಂದ ಆಚರಣೆ. ಆದರೆ ನಾಲ್ಕು ದಾಟುವವರೆಗೆ ಮಗುವಿನ ಮುಂದೆ ಪಾಟಿ ಇಡುವ ಆತುರ ನಮ್ಮ ಹಿರಿಯರಿಗಿರಲಿಲ್ಲ ಎಂಬುದನ್ನು ಅದು ತಿಳಿಸುತ್ತದೆ. ಆ ದಿನದ ಬಿರಿಯಾನಿಗೆ, ಶಾಮಿಯಾನಾಕ್ಕೆ ಖರ್ಚು ಮಾಡುವವರು, ಆ ನಾಲ್ಕು ವರ್ಷಗಳಲ್ಲಿ ಮಗುವಿನ ಕೈಗೆ ಏನು ಕೊಟ್ಟಿದ್ದೇವೆಂದು ಕೇಳಿಕೊಂಡಿದ್ದಾರೆಯೇ? ಪ್ರವಾದಿ ಮುಹಮ್ಮದ್(ಸ)ರು ಅಬೂ ಉಮೈರ್ ಎಂಬ ಪುಟ್ಟ ಬಾಲಕನ ಬಳಿ ಅವನ ಮುದ್ದಿನ ಹಕ್ಕಿಯ ಬಗ್ಗೆ ವಿಚಾರಿಸುತ್ತಿದ್ದರೆಂಬುದು ನಮಗೆಲ್ಲ ಗೊತ್ತಿರುವ ವಿಷಯ. ಪಾಠ ಮುಗಿದ ಬಳಿಕ ಮಗುವಿಗೆ ಆಟಕ್ಕೆ ಬಿಡಬೇಕು, ಆಟವನ್ನು ತಡೆದು ಸದಾ ಕಲಿಕೆಯಲ್ಲೇ ದಣಿಸಿದರೆ ಅದರ ಹೃದಯ ಸಾಯುತ್ತದೆ ಎಂಬರ್ಥದ ಮಾತನ್ನು ಇಮಾಮ್ ಗಝಾಲಿಯವರು ಒಂಬೈನೂರು ವರ್ಷಗಳ ಹಿಂದೆಯೇ ಬರೆದಿದ್ದಾರೆ. ಬೆಳಿಗ್ಗೆ ಮಕ್ತಬ್, ಬಳಿಕ ಎಲ್‌ಕೆಜಿ, ಸಂಜೆ ಟ್ಯೂಷನ್ ಎಂದು ಮೂರು ಕಡೆ ಓಡುವ ಮಗುವಿನ ದಿನಚರಿಯನ್ನು ಈ ಮಾತಿನ ಬೆಳಕಿನಲ್ಲಿ ನಾವು ನೋಡಬೇಕಾಗಿದೆ.

ಭಾಷೆಯ ಪ್ರಶ್ನೆಯೂ ಸಣ್ಣದಲ್ಲ. ನಮ್ಮ ಹೆಚ್ಚಿನ ಮನೆಗಳಲ್ಲಿ ದಖನಿ ಉರ್ದು, ನದಾಫ್-ಪಿಂಜಾರರ ಅನೇಕ ಮನೆಗಳಲ್ಲಿ ಕನ್ನಡ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮೂರು ಭಾಷೆಗಳನ್ನು ಕೇಳಿ ಬೆಳೆಯುವುದು ಮಗುವಿಗೆ ಹೊರೆಯಲ್ಲ, ಅದು ಸಂಪತ್ತು. ಹೊರೆಯಾಗುವುದು ಯಾವಾಗ? ಯಾವ ಭಾಷೆಯಲ್ಲೂ ಮಗುವಿನೊಂದಿಗೆ ನಾವು ಮಾತಾಡದಿದ್ದಾಗ. ಇಂಗ್ಲಿಷ್ ಬಾರದ ತಾಯಿಯು ‘ಆ್ಯಪಲ್’, ‘ಬಾಲ್’ ಎಂಬ ನಾಲ್ಕು ಪದಗಳನ್ನಷ್ಟೇ ಮಗುವಿನ ಮುಂದೆ ಉಚ್ಚರಿಸಿ, ತನ್ನ ಮಾತಿನ ಭಂಡಾರವನ್ನೆಲ್ಲ ನಾಚಿಕೆಯಿಂದ ಮುಚ್ಚಿಟ್ಟರೆ ನಷ್ಟವಾಗುವುದು ಮಗುವಿಗೆ. ದಾದಿ-ನಾನಿಯರ ಕತೆ, ಒಗಟು, ಅಡುಗೆ ಮಾಡುತ್ತಾ ಆಡುವ ಮಾತು ಇವೇ ಮಗುವಿನ ಮೊದಲ ಪುಸ್ತಕಗಳು. ಹಿಟ್ಟು ಯಾಕೆ ಅಂಟುತ್ತದೆ, ನೀರು ಹೆಚ್ಚಾದರೆ ಏನಾಗುತ್ತದೆ ಎಂದು ತಾಯ್ನುಡಿಯಲ್ಲಿ ಚರ್ಚಿಸಿದ ಮಗು ಮುಂದೆ ಅದನ್ನು ಕನ್ನಡದಲ್ಲೂ ಹೇಳಬಲ್ಲದು, ಇಂಗ್ಲಿಷಿನಲ್ಲೂ ಹೇಳಬಲ್ಲದು. ಹೇಳಲು ಏನೂ ಇಲ್ಲದ ಮಗುವಿಗೆ ಯಾವ ಭಾಷೆ ಕಲಿಸಿ ಏನು ಪ್ರಯೋಜನ? ಹಾಗೆಯೇ, ‘ಮೂತ್ರಕ್ಕೆ ಹೋಗಬೇಕು’, ‘ನೀರು ಬೇಕು’, ‘ಹೊಟ್ಟೆ ನೋಯುತ್ತಿದೆ’ ಎಂಬ ಮಾತುಗಳನ್ನಾದರೂ ಶಾಲೆಯ ಭಾಷೆಯಲ್ಲಿ ಕಲಿಸಿ ಕಳುಹಿಸುವುದು ಎ ಬಿ ಸಿ ಡಿಗಿಂತ ತುರ್ತಿನದ್ದು.

ಮನೆಯ ಹೊರಗೆ ಇದಕ್ಕೆಂದೇ ಇರುವ ಒಂದು ಜಾಗ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ನಮ್ಮ ರಾಜ್ಯದ ಟಿ. ನರಸೀಪುರವೂ ಒಂದಾಗಿತ್ತು. ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ನೀಡುವುದು ಆ ಯೋಜನೆಯ ಆರು ಸೇವೆಗಳಲ್ಲೊಂದು. ಆದರೆ ನಾವು ಅಂಗನವಾಡಿಯನ್ನು ಕಂಡದ್ದು ಹೇಗೆ? ಮೊಟ್ಟೆ, ಹಿಟ್ಟಿನ ಪೊಟ್ಟಣ ಮತ್ತು ಲಸಿಕೆಯ ಜಾಗವೆಂದು. ಪೊಟ್ಟಣವನ್ನು ತರುತ್ತೇವೆ, ಮಗುವನ್ನು ಕುಳ್ಳಿರಿಸುವುದಿಲ್ಲ. ಅಲ್ಲಿ ಏನೂ ಕಲಿಸುವುದಿಲ್ಲ ಎಂಬ ದೂರು ಕೆಲವೆಡೆ ನಿಜವೂ ಹೌದು. ಕಾರ್ಯಕರ್ತೆಯ ಹೆಗಲ ಮೇಲೆ ಸಮೀಕ್ಷೆ, ದಾಖಲೆ, ಮೊಬೈಲ್ ಆ್ಯಪುಗಳ ಹೊರೆಯಿದೆ. ಅವರ ದುಡಿಮೆಗೆ ಸಿಗುವುದು ವೇತನವಲ್ಲ, ಗೌರವಧನ. ಗ್ರಾಚ್ಯುಟಿಗೆ ಅವರು ಅರ್ಹರು ಎಂದು ಹೇಳಲು 2022ರ ಏಪ್ರಿಲ್‌ನಲ್ಲಿ ಸುಪ್ರೀಮ್ ಕೋರ್ಟೇ ಬರಬೇಕಾಯಿತು. ಆದರೆ ಮಕ್ಕಳೇ ಬಾರದ ಅಂಗನವಾಡಿಯಲ್ಲಿ ಯಾವ ಕಾರ್ಯಕರ್ತೆಯಾದರೂ ಏನನ್ನು ಕಲಿಸಿಯಾರು? ಅಲ್ಲಿ ಮಗು ತನ್ನ ಓಣಿಯ ಎಲ್ಲ ಜಾತಿ-ಧರ್ಮಗಳ ಮಕ್ಕಳ ಜೊತೆ ಚಾಪೆ ಹಂಚಿಕೊಂಡು ಕುಳಿತು ಉಣ್ಣುತ್ತದೆ ಎಂಬುದು ಇಂದಿನ ಕಾಲದಲ್ಲಿ ಸಣ್ಣ ಸಂಗತಿಯಲ್ಲ.

ಹಕ್ಕಿನ ವಿಷಯವನ್ನೂ ಹೇಳಬೇಕು. 2006ರಲ್ಲಿ ಸಲ್ಲಿಸಲಾದ ಸಾಚಾರ್ ಸಮಿತಿಯ ವರದಿಯು, ಆರರಿಂದ ಹದಿನಾಲ್ಕು ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮುಖವನ್ನೇ ಕಂಡಿಲ್ಲ ಅಥವಾ ಶಾಲೆ ಬಿಟ್ಟಿದ್ದಾರೆ ಎಂದಿತ್ತು. ಅದೇ ವರ್ಷ ಪ್ರಕಟವಾದ ಅಲ್ಪಸಂಖ್ಯಾತರಿಗಾಗಿನ ಪ್ರಧಾನಮಂತ್ರಿಗಳ ಹೊಸ ಹದಿನೈದು ಅಂಶಗಳ ಕಾರ್ಯಕ್ರಮದ ಮೊತ್ತಮೊದಲ ಅಂಶವೇ ಅಂಗನವಾಡಿ ಸೇವೆಗಳ ಸಮಾನ ಲಭ್ಯತೆಯಾಗಿತ್ತು. ಆ ವರ್ಷದ ಡಿಸೆಂಬರ್ 13ರಂದು ಸುಪ್ರೀಮ್ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ಯಾವುದೇ ಗ್ರಾಮೀಣ ವಸತಿ ಅಥವಾ ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಅದನ್ನು ಒದಗಿಸಬೇಕೆಂದು ಅದು ಆದೇಶಿಸಿತು. ನಮ್ಮ ಎಷ್ಟು ಮೊಹಲ್ಲಾಗಳು ಹಾಗೆ ಕೇಳಿವೆ? ಕಬರಸ್ತಾನದ ಆವರಣ ಗೋಡೆಗಾಗಿ ಶಾಸಕರ ಮನೆಯ ಬಾಗಿಲು ತಟ್ಟಿದಷ್ಟು ಸಲ ನಾವು ಅಂಗನವಾಡಿಗಾಗಿ ತಟ್ಟಿದ್ದೇವೆಯೇ? ಗೋಡೆ ಬೇಡವೆಂದು ನಾವು ಹೇಳುತ್ತಿಲ್ಲ. ಸತ್ತವರ ಜಾಗದ ಬಗ್ಗೆ ಇರುವ ಕಾಳಜಿ ಈಗಷ್ಟೇ ನಡೆಯಲು ಕಲಿತವರ ಜಾಗದ ಬಗ್ಗೆಯೂ ಇರಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಸರಕಾರದ ನಡೆಯಾದರೂ ಸ್ಪಷ್ಟವಿದೆಯೇ? 2024ರಲ್ಲಿ ಕಲ್ಯಾಣ ಕರ್ನಾಟಕದ ಸಾವಿರದಷ್ಟು ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ-ಯುಕೆಜಿ ಆರಂಭಿಸುವ ನಿರ್ಧಾರ ಹೊರಬಿದ್ದಾಗ, ಇದರಿಂದ ಅಂಗನವಾಡಿಗಳು ಬರಿದಾಗುತ್ತವೆಂದು ಕಾರ್ಯಕರ್ತೆಯರು ಬೀದಿಗಿಳಿದರು. ಅದರ ಬೆನ್ನಿಗೇ ಬೆಂಗಳೂರಿನ 250 ಅಂಗನವಾಡಿಗಳಿಗೆ ‘ಸರಕಾರಿ ಮಾಂಟೆಸ್ಸರಿ’ ಎಂಬ ಹೆಸರು ಬಂತು. ಮಗು ಯಾವ ಇಲಾಖೆಯ ಕೊಠಡಿಯಲ್ಲಿ ಕುಳಿತುಕೊಳ್ಳಬೇಕೆಂಬ ಬಗ್ಗೆ ಇಷ್ಟೊಂದು ಜಗ್ಗಾಟ ನಡೆಯಿತಾದರೂ, ಆ ಕೊಠಡಿಯಲ್ಲಿ ಅದು ಏನು ಮಾಡಬೇಕೆಂಬ ಚರ್ಚೆ ಕೇಳಿಬಂದದ್ದು ಕಡಿಮೆ. 1993ರಷ್ಟು ಹಿಂದೆಯೇ ಪ್ರೊ. ಯಶಪಾಲ್ ಸಮಿತಿಯು ಎಳೆಯ ಮಕ್ಕಳಿಗೆ ಓದು-ಬರಹವನ್ನು ಹೇರುವುದು ಹಿಂಸೆಯೆಂದೂ ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ ನಡೆಸುವುದನ್ನು ನಿಲ್ಲಿಸಬೇಕೆಂದೂ ಹೇಳಿತ್ತು. ಮೈಸೂರಿನ ಸಾಹಿತಿ ಆರ್.ಕೆ. ನಾರಾಯಣ್‌ರು ರಾಜ್ಯಸಭೆಯಲ್ಲಿ ಮಕ್ಕಳ ಚೀಲದ ಭಾರದ ಬಗ್ಗೆ ಆಡಿದ ಮಾತು ಅದಕ್ಕೂ ಹಿಂದಿನದು. ಚೀಲ ಹಗುರವಾಗಲಿಲ್ಲ, ಅದನ್ನು ಹೊರುವವರ ವಯಸ್ಸು ಮಾತ್ರ ಇಳಿಯಿತು.

ಈ ಆತುರದ ಬೆಲೆ ಏನೆಂಬುದು 2025ರಲ್ಲಿ ಸಾವಿರಾರು ಹೆತ್ತವರಿಗೆ ತಿಳಿಯಿತು. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ ಜಾರಿಗೆ ಬಂದಾಗ, ನಾಲ್ಕು ತುಂಬುವ ಮೊದಲೇ ಎಲ್‌ಕೆಜಿಗೆ ಸೇರಿಸಲ್ಪಟ್ಟಿದ್ದ ಮಕ್ಕಳು ಯುಕೆಜಿ ಮುಗಿಸಿ ಬಾಗಿಲಲ್ಲಿ ನಿಂತಿದ್ದರು. ಕೊನೆಗೆ ಏಪ್ರಿಲ್‌ನಲ್ಲಿ, ಎಲ್‌ಕೆಜಿ-ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಸಾಲಿನ ಮಟ್ಟಿಗೆ ವಯಸ್ಸನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಸಡಿಲಿಕೆ ಸಿಕ್ಕಿತೆಂದು ನಿಟ್ಟುಸಿರು ಬಿಟ್ಟವರು, ಒಂದು ವರ್ಷ ಬೇಗ ಸೇರಿಸಿದ್ದರಿಂದ ಮಗುವಿಗೆ ದಕ್ಕಿದ್ದೇನು ಎಂದೂ ಯೋಚಿಸಬೇಕಿತ್ತು. ಅಂದಹಾಗೆ, ನಮ್ಮ ಸರಕಾರಿ ಶಾಲೆಗಳ ಆರಂಭದ ತರಗತಿಗಳಲ್ಲಿರುವ ‘ನಲಿ-ಕಲಿ’ಯೂ ಚಟುವಟಿಕೆಯ ಮೂಲಕ ಕಲಿಸುವ ಕ್ರಮವೇ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಅದನ್ನು ಕಟ್ಟಿದರು. ಹಿಟ್ಟು, ಕಾಳು, ಕತೆಗಳೊಂದಿಗೆ ಬೆಳೆದ ಮಗುವಿಗೆ ಅಲ್ಲಿ ಅಪರಿಚಿತವೆನಿಸುವಂಥದ್ದೇನೂ ಇಲ್ಲ.

ಮುಂದಿನ ಜೂನ್‌ನಲ್ಲಿ ಎಲ್‌ಕೆಜಿಗೆ ಹೋಗಲಿರುವ ಮಗುವೊಂದು ಈಗ ನಿಮ್ಮ ಮನೆಯಲ್ಲೇ ಓಡಾಡುತ್ತಿರಬಹುದು. ಇನ್ನು ಉಳಿದಿರುವ ತಿಂಗಳುಗಳಲ್ಲಿ ಅದಕ್ಕೆ ಅಂಗನವಾಡಿಯ ಅರ್ಧ ದಿನ ಸಿಗಲಿ, ಅಡುಗೆಮನೆಯಲ್ಲಿ ಒಂದು ಮೂಲೆ ಸಿಗಲಿ, ರಾತ್ರಿ ಮೊಬೈಲಿನ ಬದಲು ಒಂದು ಕತೆ ಸಿಗಲಿ. ಮಸೀದಿಯ ಜಮಾಅತ್ ಸಮಿತಿಗಳು ತಿಂಗಳಿಗೊಮ್ಮೆಯಾದರೂ ತಾಯಂದಿರನ್ನು ಕರೆದು ಈ ಬಗ್ಗೆ ಮಾತಾಡಲಿ. ಬೇಕಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನೇ ಅತಿಥಿಯಾಗಿ ಕರೆಯಲಿ. ಅವರಿಗೆ ವೇದಿಕೆ ಕೊಟ್ಟವರು ನಮ್ಮಲ್ಲಿ ಯಾರಿದ್ದಾರೆ? ಪ್ರತಿ ಅಂಗನವಾಡಿಗೂ ಒಂದು ಬಾಲ ವಿಕಾಸ ಸಮಿತಿಯಿದೆ, ತಾಯಂದಿರು ಅದರಲ್ಲಿ ಸದಸ್ಯರಾಗಬಹುದು ಎಂಬುದು ನಮ್ಮ ಹೆಚ್ಚಿನ ಮಹಿಳೆಯರಿಗೆ ಗೊತ್ತಿಲ್ಲ. ಅದರ ಸಭೆಗೆ ಹೋಗಿ. ಹೋದಾಗ ಒಂದು ಪ್ರಶ್ನೆ ಕೇಳಿ. ಶಾಲಾಪೂರ್ವ ಶಿಕ್ಷಣಕ್ಕೆಂದು ಸರಕಾರ ಕೊಡುವ ಮರದ ತುಂಡುಗಳು, ಮಣಿಗಳು, ಚಿತ್ರದ ಹಲಗೆಗಳು ಮಕ್ಕಳ ಕೈಯಲ್ಲಿವೆಯೇ, ಹಾಳಾಗುತ್ತವೆಂಬ ಭಯದಿಂದ ಕಪಾಟಿನಲ್ಲಿ ಭದ್ರವಾಗಿವೆಯೇ? ಕಪಾಟಿನಲ್ಲಿದ್ದರೆ, ಕೀಲಿಕೈ ಯಾರ ಬಳಿಯಿದೆಯೆಂದು ವಿಚಾರಿಸಿ, ಮಕ್ಕಳ ಮುಂದೆಯೇ ಅದನ್ನು ತೆರೆಯಿಸಿ.